ಪೇಟೆಯ ಹೊಗೆ, ಬೆಟ್ಟದ ಪಾಚಿ

(ಪರಿಸರ ಕಾರ್ಯಕರ್ತರು ಮತ್ತು ಕಾಲೇಜು ವಿದ್ಯಾರ್ಥಿಗಳಿಗಾಗಿ ಏರ್ಪಟ್ಟಿದ್ದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಮಲೆನಾಡಿನ ಯಾವುದೇ ಹಳೆಯ ಅಡುಗೆಮನೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ ಜಂತಿಯಿಂದ ಇಲ್ಲಣ ಜೋತಾಡುವುದು ಕಾಣುತ್ತದೆ. ಹೊಗೆಯ ಪರಿಚಯ ಇಲ್ಲಿ ಯಾರಿಗೂ ಹೊಸತಲ್ಲ. ಆದರೆ ಪೇಟೆಯ ಹೊಗೆಯ ಮಾತು ಬಂದಾಗ, ಅದು ಪೇಟೆಯವರ ಪಾಡು, ಬೆಟ್ಟದ ಹಳ್ಳಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಬಹಳ ಮಂದಿಯಲ್ಲಿದೆ. ಪೇಟೆಯ ಹೊಗೆಯನ್ನು ನಿಯಂತ್ರಿಸುವುದು ಅಲ್ಲಿನ ನಗರಸಭೆಯ ಕೆಲಸ, ದಂಡ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯೂ ಅಷ್ಟೇ ಬಲವಾಗಿದೆ. ಈ ಎರಡೂ ಎಣಿಕೆಗಳು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಪರೀಕ್ಷಿಸಲು ಒಂದು ನಗರ ಮತ್ತು ಅದರ ನೆರೆಯ ಒಂದು ಬೆಟ್ಟಸಾಲಿನ ಚರಿತ್ರೆಯನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ನಗರವು ಇಂಗ್ಲೆಂಡಿನ ಮ್ಯಾಂಚೆಸ್ಟರ್. ಬೆಟ್ಟಸಾಲು ಅದರ ಪೂರ್ವ ದಿಕ್ಕಿನಲ್ಲಿರುವ ಪೆನ್ನೈನ್.

ಅಷ್ಟು ದೂರದ ಊರಿನ ಕತೆ ಇಲ್ಲೇಕೆ ಎಂಬ ಪ್ರಶ್ನೆ ಏಳಬಹುದು. ಮ್ಯಾಂಚೆಸ್ಟರ್ ಎಂದರೆ ಹತ್ತಿಯ ಗಿರಣಿಗಳ ನಗರ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಂದ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಆ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ಒತ್ತಾಯ ಹೆಚ್ಚಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಹಿನ್ನೆಲೆಯಲ್ಲಿ ಈ ಒತ್ತಾಯವೂ ಇತ್ತು. ಆದುದರಿಂದ ಆ ನಗರದ ಹೊಗೆಗೊಳವೆಗಳಿಗೂ ಸಹ್ಯಾದ್ರಿಯ ಘಟ್ಟದ ದಾರಿಗಳಿಗೂ ಒಂದು ಹಳೆಯ ನಂಟಿದೆ.

ನೀರು ಬೆಟ್ಟದ್ದು, ಹೊಗೆ ನಗರದ್ದು

ಮ್ಯಾಂಚೆಸ್ಟರಿಗೂ ಪೆನ್ನೈನ್ ಬೆಟ್ಟಗಳಿಗೂ ಇರುವ ಸಂಬಂಧ ನೀರಿನಿಂದ ಮೊದಲಾಗುತ್ತದೆ. ಗಿರಣಿಗಳು ಬೆಳೆದು ಜನಸಂಖ್ಯೆ ಏರಿದಂತೆ ನಗರಕ್ಕೆ ಕುಡಿಯುವ ನೀರು ಸಾಲದಾಯಿತು. 1848ರಲ್ಲಿ ಲಾಂಗ್‌ಡೆಂಡೇಲ್ ಎಂಬ ಪೆನ್ನೈನ್ ಕಣಿವೆಯಲ್ಲಿ ಸಾಲು ಜಲಾಶಯಗಳನ್ನು ಕಟ್ಟುವ ಕೆಲಸ ಆರಂಭವಾಯಿತು. ಇಂಜಿನಿಯರ್ ಜಾನ್ ಬೇಟ್‌ಮನ್ ಅದರ ರೂವಾರಿ. ಕಣಿವೆಯ ಮೇಲ್ಭಾಗದಲ್ಲಿ ಬ್ಲೀಕ್‌ಲೋ, ಬ್ಲ್ಯಾಕ್ ಹಿಲ್ ಮುಂತಾದ ಬೋಳು ಬೆಟ್ಟಗಳಿವೆ. ಅವುಗಳ ನೆತ್ತಿಯ ಮೇಲೆ ಮರಗಳಿಲ್ಲ. ಬದಲಿಗೆ ಪೀಟ್ ಎಂಬ ಕಪ್ಪು, ಮೆತ್ತನೆಯ, ನೀರು ತುಂಬಿದ ಪದರವಿದೆ. ಸಾವಿರಾರು ವರ್ಷಗಳಿಂದ ಪೂರ್ತಿ ಕೊಳೆಯದೆ ಉಳಿದ ಸಸ್ಯಾವಶೇಷಗಳ ರಾಶಿಯೇ ಪೀಟ್.

ಈ ಪದರವನ್ನು ಕಟ್ಟಿದ ಮುಖ್ಯ ಸಸ್ಯ ಸ್ಫ್ಯಾಗ್ನಮ್ ಎಂಬ ಪಾಚಿ. ಆರ್ಕಿಡ್ ಬೆಳೆಸುವವರು ಬೇರಿನ ತೇವ ಉಳಿಸಲು ಒಣಗಿದ ಈ ಪಾಚಿಯನ್ನು ಕೊಂಡು ತರುವುದುಂಟು. ತನ್ನ ಒಣತೂಕದ ಹತ್ತಿಪ್ಪತ್ತು ಪಟ್ಟು ನೀರನ್ನು ಅದು ಹಿಡಿದಿಡಬಲ್ಲದು. ಪಶ್ಚಿಮ ಘಟ್ಟದ ನೆತ್ತಿಯಲ್ಲಿ ಶೋಲಾ ಕಾಡು ಮತ್ತು ಹುಲ್ಲುಗಾವಲು ಮಾಡುವ ಕೆಲಸವನ್ನು ಪೆನ್ನೈನ್ ನೆತ್ತಿಯಲ್ಲಿ ಈ ಪಾಚಿ ಮಾಡುತ್ತಿತ್ತು. ಮಳೆ ಬಂದಾಗ ಹೀರಿಕೊಂಡು, ಮಳೆ ನಿಂತ ಮೇಲೆ ನಿಧಾನವಾಗಿ ಕೆಳಗೆ ಬಿಡುವುದು ಅದರ ಕೆಲಸ.

ಸ್ಫ್ಯಾಗ್ನಮ್‌ಗೆ ಬೇರಿಲ್ಲ. ಅದು ತನ್ನ ಆಹಾರಾಂಶಗಳನ್ನು ಮುಖ್ಯವಾಗಿ ಮಳೆ ಮತ್ತು ಗಾಳಿಯಿಂದಲೇ ಪಡೆಯುತ್ತದೆ. ಆದಕಾರಣ ಗಾಳಿಯಲ್ಲಿ ವಿಷವಿದ್ದರೆ ಅದನ್ನು ತಡೆದು ನಿಲ್ಲಿಸುವ ಯಾವ ಉಪಾಯವೂ ಅದಕ್ಕಿಲ್ಲ. ಆ ಭಾಗದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ನಗರವು ಬೆಟ್ಟದಿಂದ ನೀರನ್ನು ತರಿಸಿಕೊಂಡಿತು. ಗಾಳಿಯು ನಗರದಿಂದ ಹೊಗೆಯನ್ನು ಬೆಟ್ಟಕ್ಕೆ ಒಯ್ದಿತು.

ಹೊಗೆ ಏಕೆ ಹುಟ್ಟುತ್ತದೆ?

ಮುಂದಿನ ಕತೆ ಅರ್ಥವಾಗಬೇಕಾದರೆ ಹೊಗೆಯ ಸ್ವರೂಪವನ್ನು ತಿಳಿಯಬೇಕು. ಒಲೆಗೆ ಹಸಿ ಸೌದೆ ಇಟ್ಟರೆ ಹೊಗೆ ತುಂಬುತ್ತದೆ. ಕುಲುಮೆಯಲ್ಲಿ ಇದ್ದಿಲು ಉರಿಸಿದರೆ ಹೊಗೆ ಕಾಣುವುದಿಲ್ಲ. ಸೌದೆ ಬಿಸಿಯಾದಾಗ ಅದರೊಳಗಿನ ಆವಿ ಮತ್ತು ಜಿಡ್ಡುಪದಾರ್ಥಗಳು ಮೊದಲು ಹೊರಬರುತ್ತವೆ. ಅವುಗಳಿಗೆ ಸಾಕಷ್ಟು ಶಾಖ ಮತ್ತು ಗಾಳಿ ಸಿಕ್ಕರೆ ಉರಿದುಹೋಗುತ್ತವೆ, ಸಿಗದಿದ್ದರೆ ಹೊಗೆಯಾಗಿ ಹಾರುತ್ತವೆ. ಇದ್ದಿಲಿನಲ್ಲಿ ಆ ಪದಾರ್ಥಗಳು ಸುಡುವಾಗಲೇ ಹೋಗಿರುತ್ತವೆ.

ಕಲ್ಲಿದ್ದಲಿನದೂ ಇದೇ ನಿಯಮ. ಮ್ಯಾಂಚೆಸ್ಟರಿನ ಸುತ್ತ ಸಿಗುತ್ತಿದ್ದ ಕಲ್ಲಿದ್ದಲು ಆವಿಪದಾರ್ಥ ಹೆಚ್ಚಿರುವ ಜಾತಿಯದು. ಅದನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಅನಿಲವನ್ನು ಬೇರ್ಪಡಿಸಿದರೆ ಉಳಿಯುವುದು ಕೋಕ್. ಅದು ಹೊಗೆಯಿಲ್ಲದೆ ಉರಿಯುತ್ತದೆ. ಇಲ್ಲಿ ಒಂದು ಮಾತನ್ನು ನೆನಪಿಡಬೇಕು: ಕಲ್ಲಿದ್ದಲಿನಲ್ಲಿ ಗಂಧಕವೂ ಇದೆ. ಕೋಕ್ ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ. ಗಂಧಕ ಉರಿದರೆ ಕಣ್ಣಿಗೆ ಕಾಣದ ಗಂಧಕದ ಡೈಆಕ್ಸೈಡ್ ಆಗುತ್ತದೆ. ಮೋಡದ ನೀರಿನಲ್ಲಿ ಸೇರಿ ಅದು ಗಂಧಕಾಮ್ಲವಾಗುತ್ತದೆ. ಕಾಣುವ ಮಸಿ ಮತ್ತು ಕಾಣದ ಆಮ್ಲ ಇವೆರಡೂ ಒಂದೇ ಹೊಗೆಗೊಳವೆಯಿಂದ ಹೊರಟರೂ ಅವುಗಳನ್ನು ತಡೆಯುವ ದಾರಿಗಳು ಬೇರೆ ಬೇರೆ.

ನೂರು ವರ್ಷಗಳ ದಂಡ

ಮ್ಯಾಂಚೆಸ್ಟರಿನ ಜನ ಹೊಗೆಯನ್ನು ಸುಮ್ಮನೆ ಸಹಿಸಿಕೊಂಡಿದ್ದರೆಂದು ತಿಳಿಯಬಾರದು. 1842ರಲ್ಲೇ ಜಾನ್ ಮೋಲ್ಸ್‌ವರ್ತ್ ಎಂಬ ಪಾದ್ರಿಯ ನೇತೃತ್ವದಲ್ಲಿ ಹೊಗೆ ನಿವಾರಣೆಗಾಗಿ ಒಂದು ಸಂಘ ಸ್ಥಾಪನೆಯಾಯಿತು. 1844ರ ಸ್ಥಳೀಯ ಪೊಲೀಸ್ ಕಾಯಿದೆಯಲ್ಲಿ ಹೊಗೆಯ ಬಗ್ಗೆ ಒಂದು ಕಲಮು ಸೇರಿತು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯು ಇಡೀ ದೇಶದ ಸ್ಥಳೀಯ ಸಂಸ್ಥೆಗಳಿಗೆ ಹೊಗೆಯ ಉಪದ್ರವದ ವಿರುದ್ಧ ಮೊಕದ್ದಮೆ ಹೂಡುವ ಅಧಿಕಾರ ಕೊಟ್ಟಿತು. ಆದರೂ ಹೊಗೆ ಕಡಿಮೆಯಾಗಲಿಲ್ಲ.

ಇದಕ್ಕೆ ಕಾರಣಗಳಿವೆ. ಮೊದಲನೆಯದಾಗಿ, 1875ರ ಕಾಯಿದೆಯು ಕಾರ್ಖಾನೆಯ ಗೊಳವೆಯಿಂದ ಬರುವ 'ಕಪ್ಪು' ಹೊಗೆಯನ್ನು ಮಾತ್ರ ಅಪರಾಧವೆಂದು ಕರೆಯಿತು. ಅದು ಕಪ್ಪಲ್ಲ, ಕಡುಗಂದು ಎಂದು ವಾದಿಸಿ ತಪ್ಪಿಸಿಕೊಳ್ಳುವ ದಾರಿ ಮಾಲೀಕರ ವಕೀಲರಿಗೆ ತೆರೆದೇ ಇತ್ತು. ಎರಡನೆಯದಾಗಿ, ಮೊಕದ್ದಮೆ ಹೂಡಬೇಕಾದ ಪುರಸಭೆಗಳಲ್ಲಿಯೂ ತೀರ್ಪು ಕೊಡಬೇಕಾದ ನ್ಯಾಯಪೀಠಗಳಲ್ಲಿಯೂ ಗಿರಣಿ ಮಾಲೀಕರೇ ಪ್ರಬಲರಾಗಿದ್ದರು. ವಿಧಿಸಿದ ದಂಡವು ಒಳ್ಳೆಯ ಕುಲುಮೆ ಹಾಕಿಸುವ ಖರ್ಚಿಗಿಂತ ಎಷ್ಟೋ ಕಡಿಮೆಯಾಗಿತ್ತು. ಮೂರನೆಯದಾಗಿ, ಗೊಳವೆಯಲ್ಲಿ ಹೊಗೆಯಾಡುತ್ತಿದ್ದರೆ ಕೂಲಿ ಇದೆ ಎಂದು ಕಾರ್ಮಿಕರು ನಂಬಿದ್ದರು. ಹೊಗೆಯಿಲ್ಲದ ಆಕಾಶ ಅವರಿಗೆ ಗಿರಣಿ ಮುಚ್ಚಿದ ದಿನಗಳನ್ನು ನೆನಪಿಸುತ್ತಿತ್ತು.

ನಾಲ್ಕನೆಯ ಕಾರಣ ಎಲ್ಲಕ್ಕಿಂತ ದೊಡ್ಡದು. ಕಾಯಿದೆಯು ಮನೆಗಳನ್ನು ಸಂಪೂರ್ಣವಾಗಿ ಹೊರಗಿಟ್ಟಿತ್ತು. ಚಳಿಯ ದೇಶವಾದುದರಿಂದ ಪ್ರತಿ ಮನೆಯಲ್ಲಿಯೂ ತೆರೆದ ಅಗ್ಗಿಷ್ಟಿಕೆಯಿತ್ತು. ಬಡವರ ಮನೆಯಲ್ಲಿ ಅಡುಗೆ, ಬಿಸಿನೀರು, ಬಟ್ಟೆ ಒಣಗಿಸುವುದು ಎಲ್ಲವೂ ಅದರಲ್ಲೇ. ಅದರ ಎದುರು ಕುಳಿತುಕೊಳ್ಳುವುದೇ ಸಂಸಾರದ ಸುಖವೆಂದು ಎಲ್ಲರೂ ತಿಳಿದಿದ್ದರು. ಅಲ್ಲಿಗೆ ಪುರಸಭೆಯ ಇನ್‌ಸ್ಪೆಕ್ಟರನನ್ನು ಕಳುಹಿಸಲು ಯಾವ ರಾಜಕಾರಣಿಗೂ ಧೈರ್ಯ ಬರಲಿಲ್ಲ. ಮನೆಯೊಲೆಗಳಲ್ಲಿ ಉರಿಯುತ್ತಿದ್ದುದು ದೇಶದ ಕಲ್ಲಿದ್ದಲಿನ ಚಿಕ್ಕ ಪಾಲು. ಆದರೆ ಒಟ್ಟು ಹೊಗೆಯಲ್ಲಿ ಸುಮಾರು ಅರ್ಧದಷ್ಟು ಅಲ್ಲಿಂದಲೇ ಬರುತ್ತಿದೆಯೆಂದು ಮುಂದೆ 1954ರಲ್ಲಿ ಸರಕಾರಿ ಸಮಿತಿಯೇ ಹೇಳಿತು.

ಅಳೆದವರು

ಕಾಯಿದೆ ಸೋಲುತ್ತಿದ್ದ ಕಾಲದಲ್ಲಿ ಅಳೆಯುವ ಕೆಲಸ ಮಾತ್ರ ನಡೆದೇ ಇತ್ತು. ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ 1852ರಲ್ಲಿ ಮ್ಯಾಂಚೆಸ್ಟರಿನ ಗಾಳಿ ಮತ್ತು ಮಳೆಯ ಬಗ್ಗೆ ಪ್ರಬಂಧ ಪ್ರಕಟಿಸಿದ. ಹೊರವಲಯದ ಹೊಲಗಳಿಂದ ನಗರದ ನಡುವಿಗೆ ಬಂದಂತೆ ಮಳೆಯ ನೀರು ಹೇಗೆ ಆಮ್ಲವಾಗುತ್ತ ಹೋಗುತ್ತದೆಂಬುದನ್ನು ಅದರಲ್ಲಿ ತೋರಿಸಿದ. 1863ರಲ್ಲಿ ಕ್ಷಾರದ ಕಾರ್ಖಾನೆಗಳ ಆಮ್ಲದ ಆವಿಯನ್ನು ತಡೆಯಲು ಕಾಯಿದೆ ಬಂದಾಗ ಸ್ಮಿತ್‌ನೇ ಮೊದಲ ಇನ್‌ಸ್ಪೆಕ್ಟರ್ ಆದ. 1872ರಲ್ಲಿ ಅವನು ಬರೆದ ಗ್ರಂಥದಲ್ಲಿ 'ಆಮ್ಲ ಮಳೆ' ಎಂಬ ಮಾತು ಕಾಣುತ್ತದೆ.

ಕೃಷಿಯ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಕೆಲಸ ಪೆನ್ನೈನ್ ಬೆಟ್ಟಗಳ ಆಚೆಯ ಲೀಡ್ಸ್ ನಗರದಲ್ಲಿ ನಡೆಯಿತು. ಅಲ್ಲಿನ ವಿಶ್ವವಿದ್ಯಾಲಯದ ಕೃಷಿ ರಸಾಯನ ವಿಭಾಗದ ಚಾರ್ಲ್ಸ್ ಕ್ರೌಥರ್ ಮತ್ತು ಆರ್ಥರ್ ರಸ್ಟನ್ 1911ರಲ್ಲಿ, ನಗರದ ಮಳೆನೀರಿನ ಆಮ್ಲ ಹಾಗೂ ಮಸಿಯು ಸಸ್ಯಗಳ ಮೇಲೆ ಮಾಡುವ ಪರಿಣಾಮದ ಅಧ್ಯಯನವನ್ನು ಪ್ರಕಟಿಸಿದರು. ನಗರದ ಬೇರೆ ಬೇರೆ ಭಾಗಗಳಲ್ಲಿ ಬೆಳೆಸಿದ ಲೆಟ್ಯೂಸ್, ಮೂಲಂಗಿಯಂಥ ಗಿಡಗಳು ಹೊಗೆ ಹೆಚ್ಚಿದ್ದ ಕಡೆ ಸೊರಗಿದವು. ಮಸಿಯು ಎಲೆಯ ಉಸಿರುರಂಧ್ರಗಳನ್ನು ಮುಚ್ಚುತ್ತಿತ್ತು, ಬಿಸಿಲನ್ನು ತಡೆಯುತ್ತಿತ್ತು. ಆಮ್ಲವು ಮಣ್ಣಿನ ಸುಣ್ಣವನ್ನು ತೊಳೆದು, ಸಾರಜನಕವನ್ನು ಗಿಡಕ್ಕೆ ಒದಗಿಸುವ ಸೂಕ್ಷ್ಮಜೀವಿಗಳನ್ನು ಕುಗ್ಗಿಸುತ್ತಿತ್ತು. ಮಲೆನಾಡಿನ ಹುಳಿಮಣ್ಣಿಗೆ ಸುಣ್ಣ ಹಾಕುವ ರೈತರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಅಳತೆ ಪ್ರಯೋಗಶಾಲೆಯದಲ್ಲ, ಬಟ್ಟೆ ಒಗೆಯುವ ಕಲ್ಲಿನದು. ಮೊದಲನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಮ್ಯಾಂಚೆಸ್ಟರ್ ನಗರಸಭೆಯ ವಾಯುಮಾಲಿನ್ಯ ಸಲಹಾ ಮಂಡಳಿಯು ಕೂಲಿಕಾರರ ಮನೆಗಳ ಬಟ್ಟೆ ತೊಳೆಯುವ ಖರ್ಚನ್ನು ಲೆಕ್ಕ ಹಾಕಿಸಿತು. ಹೊಗೆಯಿಲ್ಲದ ಹ್ಯಾರೋಗೇಟ್ ಪಟ್ಟಣದ ಅಂಥದೇ ಮನೆಗಳೊಂದಿಗೆ ಹೋಲಿಸಿದಾಗ ಮ್ಯಾಂಚೆಸ್ಟರಿನ ಪ್ರತಿ ಮನೆಗೂ ವಾರಕ್ಕೆ ಏಳೂವರೆ ಪೆನ್ನಿ ಹೆಚ್ಚು ತಗಲುತ್ತಿತ್ತು. ಅದು ಸಾಬೂನು ಮತ್ತು ಉರುವಲಿನ ಖರ್ಚು ಮಾತ್ರ. ಹೆಂಗಸರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ಲೆಕ್ಕ ಒಂದು ವಾದವನ್ನು ಮುರಿಯಿತು. ಅದುವರೆಗೆ ಹೊಗೆ ತಡೆದರೆ ಬಡವನಿಗೆ ನಷ್ಟ ಎನ್ನಲಾಗುತ್ತಿತ್ತು. ಹೊಗೆ ಇರುವುದರಿಂದ ಬಡವನ ಮನೆಯಾಕೆ ವಾರವಾರವೂ ಕರ ಕಟ್ಟುತ್ತಿದ್ದಾಳೆಂಬುದು ಈಗ ಅಂಕಿಯಲ್ಲಿ ಕಂಡಿತು. 1921ರಲ್ಲಿ ನಗರದ ಲಾರ್ಡ್ ಮೇಯರ್ ಆದ ಅರ್ನೆಸ್ಟ್ ಸೈಮನ್, ಮರಿಯನ್ ಫಿಟ್ಜ್‌ಜೆರಾಲ್ಡ್ ಎಂಬಾಕೆಯೊಡನೆ ಸೇರಿ 1922ರಲ್ಲಿ ಹೊಗೆರಹಿತ ನಗರದ ಬಗ್ಗೆ ಪುಸ್ತಕವನ್ನೇ ಬರೆದರು. ಮನೆಯ ಒಲೆಯನ್ನು ಬಿಟ್ಟು ಗಿರಣಿಯನ್ನಷ್ಟೇ ಹಿಡಿದರೆ ಪ್ರಯೋಜನವಿಲ್ಲವೆಂಬುದು ಅದರ ತಿರುಳು.

ಒಲೆಯನ್ನು ಬದಲಿಸಿದ ಸ್ಥಳೀಯ ಸರಕಾರ

ಕ್ರಮೇಣ ಒಂದು ಹೊಸ ಆಲೋಚನೆ ರೂಪುಗೊಂಡಿತು. ಪ್ರತಿಯೊಂದು ಗೊಳವೆಯ ಹಿಂದೆ ಓಡಿ ಹೊಗೆಯ ಬಣ್ಣವನ್ನು ವಾದಿಸುವ ಬದಲು, ನಗರದ ಒಂದು ಪ್ರದೇಶವನ್ನು ಗುರುತು ಮಾಡಿ ಅದರೊಳಗೆ ಹೊಗೆಯೇ ಕೂಡದು ಎಂದು ವಿಧಿಸುವುದು ಸರಳ ಎಂಬುದೇ ಆ ಆಲೋಚನೆ. ಮ್ಯಾಂಚೆಸ್ಟರ್ ನಗರಸಭೆಯು 1946ರಲ್ಲಿ ಸಂಸತ್ತಿನಿಂದ ತನ್ನದೇ ಆದ ಕಾಯಿದೆಯನ್ನು ಪಡೆದು ಇದಕ್ಕೆ ಅಧಿಕಾರ ಗಳಿಸಿತು. 1951ರಲ್ಲಿ ಕೊವೆಂಟ್ರಿ ನಗರದಲ್ಲಿ, 1952ರಲ್ಲಿ ಮ್ಯಾಂಚೆಸ್ಟರಿನ ನಡುಪೇಟೆಯಲ್ಲಿ ಹೊಗೆರಹಿತ ವಲಯಗಳು ಜಾರಿಗೆ ಬಂದವು.

ಅದೇ ವರ್ಷದ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರದ ಮೇಲೆ ಹೊಗೆಮಂಜು ಕವಿಯಿತು. ಸುಮಾರು 4,000 ಮಂದಿ ಹೆಚ್ಚುವರಿಯಾಗಿ ಸತ್ತರೆಂದು ಆಗ ಅಂದಾಜು ಮಾಡಲಾಯಿತು. ಮುಂದಿನ ತಿಂಗಳುಗಳ ಸಾವುಗಳನ್ನೂ ಸೇರಿಸಿ 2001ರಲ್ಲಿ ನಡೆದ ಮರುವಿಶ್ಲೇಷಣೆ ಈ ಸಂಖ್ಯೆಯನ್ನು ಸುಮಾರು 12,000ಕ್ಕೆ ಏರಿಸಿತು. ಸರ್ ಹ್ಯೂ ಬೀವರ್ ಅವರ ಅಧ್ಯಕ್ಷತೆಯ ಸಮಿತಿ 1954ರಲ್ಲಿ ವರದಿ ಕೊಟ್ಟಿತು, 1956ರಲ್ಲಿ ಶುದ್ಧ ವಾಯು ಕಾಯಿದೆ ಬಂದಿತು. ಮ್ಯಾಂಚೆಸ್ಟರ್ ಮತ್ತು ಕೊವೆಂಟ್ರಿ ನಗರಗಳು ಸ್ಥಳೀಯವಾಗಿ ಮಾಡಿ ತೋರಿಸಿದ್ದನ್ನೇ ಈ ಕಾಯಿದೆ ಇಡೀ ದೇಶಕ್ಕೆ ವಿಸ್ತರಿಸಿತು. ಸಂಸತ್ತು ಕಾಯಿದೆ ಮಾಡಿದರೂ ಕೆಲಸವನ್ನು ಒಪ್ಪಿಸಿದ್ದು ಸ್ಥಳೀಯ ಸಂಸ್ಥೆಗಳಿಗೆ.

ಈ ಕೆಲಸ ನಡೆದ ಬಗೆಯನ್ನು ವಿವರವಾಗಿ ನೋಡುವುದು ಅವಶ್ಯ. ಸ್ಥಳೀಯ ಸಂಸ್ಥೆಯು ಮೊದಲು ಒಂದು ಪ್ರದೇಶವನ್ನು ಆರಿಸಿ ಮನೆ ಮನೆಯ ಅಗ್ಗಿಷ್ಟಿಕೆಗಳನ್ನು ಸಮೀಕ್ಷೆ ಮಾಡುತ್ತಿತ್ತು. ನಕಾಶೆ ತಯಾರಿಸಿ, ಪ್ರಕಟಣೆ ಹೊರಡಿಸಿ, ತಕರಾರು ಕೇಳಿ, ಮಂತ್ರಿಯ ಒಪ್ಪಿಗೆ ಪಡೆಯುತ್ತಿತ್ತು. ಜಾರಿಗೆ ಬರುವ ಮುನ್ನ ಜನರಿಗೆ ಕಾಲಾವಕಾಶವಿತ್ತು. ಆ ಅವಧಿಯಲ್ಲಿ ಮನೆಯವರು ತಮ್ಮ ಒಲೆಯನ್ನು ಕೋಕ್, ಅನಿಲ ಅಥವಾ ವಿದ್ಯುತ್ತಿಗೆ ಹೊಂದುವಂತೆ ಬದಲಿಸಬೇಕು. ಬದಲಾವಣೆಯ ನ್ಯಾಯವಾದ ಖರ್ಚಿನಲ್ಲಿ ಹತ್ತರಲ್ಲಿ ನಾಲ್ಕು ಪಾಲನ್ನು ಕೇಂದ್ರ ಸರಕಾರವೂ ಮೂರು ಪಾಲನ್ನು ಸ್ಥಳೀಯ ಸಂಸ್ಥೆಯೂ ಕೊಡುತ್ತಿದ್ದವು. ಮನೆಯವರ ಪಾಲಿಗೆ ಉಳಿಯುತ್ತಿದ್ದುದು ಮೂರು ಪಾಲು ಮಾತ್ರ. ಇದಾದ ಮೇಲೆಯೂ ಹೊಗೆಯಾಡಿದರೆ ದಂಡ. ನೂರು ವರ್ಷ ದಂಡವೊಂದೇ ಇದ್ದಾಗ ಆಗದಿದ್ದ ಕೆಲಸ, ದಂಡದ ಮುಂದೆ ಸಮೀಕ್ಷೆ, ಅವಕಾಶ, ಧನಸಹಾಯ ಮತ್ತು ಬದಲಿ ಉರುವಲು ಇವನ್ನು ಸೇರಿಸಿದಾಗ ಮುಂದೆ ಸಾಗಿತು.

ಎಲ್ಲೆಡೆ ಅದು ಸಲೀಸಾಗಿಯೂ ನಡೆಯಲಿಲ್ಲ. ಗಣಿ ಪ್ರದೇಶಗಳಲ್ಲಿ ಕಾರ್ಮಿಕರಿಗೆ ಕೂಲಿಯ ಭಾಗವಾಗಿ ಕಲ್ಲಿದ್ದಲು ಸಿಗುತ್ತಿತ್ತು. ಅದನ್ನು ಬಿಟ್ಟು ಕೋಕ್ ಕೊಳ್ಳಿ ಎಂದರೆ ಕೂಲಿ ಕಡಿತವೆಂದೇ ಅವರಿಗೆ ತೋರುತ್ತಿತ್ತು. ಅಂಥ ಕಡೆಗಳ ಸ್ಥಳೀಯ ಸಂಸ್ಥೆಗಳು ಬಹುಕಾಲ ಹಿಂದೇಟು ಹಾಕಿದವು. ಹೊಗೆರಹಿತ ಉರುವಲಿನ ಕೊರತೆಯೂ ಕಾಡಿತು. 1965ರಲ್ಲಿ ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿ, ಮುಂದಿನ ದಶಕದಲ್ಲಿ ಮನೆಮನೆಗೆ ಹರಿದ ಮೇಲೆ ಈ ಅಡಚಣೆ ತಗ್ಗಿತು. ಕಾಯಿದೆಗೆ ಉರುವಲು ಜೊತೆಗೂಡಿತೆನ್ನಬಹುದು.

ಫಲ ಕಣ್ಣಿಗೆ ಕಂಡಿತು. ನಗರದ ನಡುವೆ ಚಳಿಗಾಲದ ಬಿಸಿಲು ಹೆಚ್ಚಿತು. ಮರದ ತೊಗಟೆಗಳಿಗೆ ಕಲ್ಲುಹೂವು ಮರಳತೊಡಗಿತು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಬಾರಿಗೆ ಕಪ್ಪು ಬಣ್ಣದ ಒಂದು ಪತಂಗ ಸಿಕ್ಕಿತ್ತು. ಅದು ಚುಕ್ಕೆಗಳುಳ್ಳ ಬಿಳಿ ಪತಂಗದ ಕಪ್ಪು ರೂಪ. ಮಸಿ ಹಿಡಿದ ತೊಗಟೆಯ ಮೇಲೆ ಬಿಳಿಯವು ಹಕ್ಕಿಗಳ ಕಣ್ಣಿಗೆ ಬಿದ್ದು, ಕಪ್ಪು ಪತಂಗಗಳೇ ಹೆಚ್ಚಾಗಿ 1895ರ ವೇಳೆಗೆ ಅಲ್ಲಿ 100ರಲ್ಲಿ 98 ಪಾಲು ಅವೇ ಇದ್ದವು. ಹೊಗೆ ಇಳಿದ ಮೇಲೆ ಈ ಲೆಕ್ಕ ತಿರುಗುಮುರುಗಾಯಿತು. ವಿಕಾಸವಾದದ ಪಾಠದಲ್ಲಿ ವಿದ್ಯಾರ್ಥಿಗಳು ಓದುವ ಈ ಪತಂಗದ ಹಿಂದೆ ನಗರಸಭೆಗಳ ದುಡಿಮೆಯೂ ಇದೆ.

ಬೆಟ್ಟಕ್ಕೆ ಉಳಿದದ್ದು

ಇಲ್ಲಿಗೆ ಕತೆ ಮುಗಿದಿದ್ದರೆ ಬೆಟ್ಟದವರಿಗೆ ಇದರಲ್ಲಿ ವಿಶೇಷ ಆಸಕ್ತಿ ಇರಬೇಕಾಗಿರಲಿಲ್ಲ. ಮಸಿ ಹೋಯಿತು, ಗಂಧಕ ಉಳಿಯಿತು. ವಿದ್ಯುತ್ ಸ್ಥಾವರಗಳು ಮತ್ತು ದೊಡ್ಡ ಕಾರ್ಖಾನೆಗಳು ಹೆಚ್ಚು ಎತ್ತರದ ಗೊಳವೆಗಳನ್ನು ಕಟ್ಟಿದವು. 1968ರಲ್ಲಿ ಬಂದ ಎರಡನೆಯ ಶುದ್ಧ ವಾಯು ಕಾಯಿದೆಯು ಗೊಳವೆಯ ಎತ್ತರದ ನಿಯಮವನ್ನು ಮತ್ತಷ್ಟು ಬಿಗಿಗೊಳಿಸಿತು. ಎತ್ತರದಲ್ಲಿ ಬಿಟ್ಟ ಅನಿಲ ಹತ್ತಿರದ ಬೀದಿಯಲ್ಲಿ ತೆಳುವಾಗುವುದು ನಿಜ. ಆದರೆ ಅದು ಇಲ್ಲವಾಗುವುದಿಲ್ಲ. ದೂರ ಹೋಗಿ ಮಳೆಯೊಡನೆ ಇಳಿಯುತ್ತದೆ. 1967ರಲ್ಲಿ ಸ್ವಾಂತೆ ಒಡೇನ್ ಎಂಬ ಸ್ವೀಡನ್ನಿನ ಮಣ್ಣುವಿಜ್ಞಾನಿ, ತನ್ನ ದೇಶದ ಕೆರೆಗಳನ್ನು ಕೆಡಿಸುತ್ತಿರುವ ಆಮ್ಲವು ನೆರೆದೇಶಗಳ ಗೊಳವೆಗಳಿಂದ ಬರುತ್ತಿದೆಯೆಂದು ಪತ್ರಿಕೆಯಲ್ಲಿ ಬರೆದ. ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ 1979ರಲ್ಲಿ ಜಿನೀವಾದಲ್ಲಿ ದೇಶಗಳ ಒಪ್ಪಂದವಾಯಿತು. ಒಂದು ಪುರಸಭೆಯಿಂದ ಸಾಧ್ಯವಾಗದ ಕೆಲಸ ಅದು.

ಪೆನ್ನೈನ್ ಬೆಟ್ಟದ ನೆತ್ತಿಯಲ್ಲಿ ಆಗಿಹೋದುದನ್ನು ಮಣ್ಣೇ ಬರೆದಿಟ್ಟುಕೊಂಡಿತ್ತು. ಮ್ಯಾಂಚೆಸ್ಟರಿನ ಸಸ್ಯವಿಜ್ಞಾನಿ ಜಾನ್ ಟ್ಯಾಲಿಸ್ 1960ರ ದಶಕದಲ್ಲಿ ಪೀಟ್ ಪದರಗಳನ್ನು ಅಗೆದು ಪರೀಕ್ಷಿಸಿದರು. ಮೇಲಿನ ಪದರದಲ್ಲಿ ಮಸಿಯ ಕಣಗಳು ಕಾಣಿಸಿಕೊಳ್ಳುವ ಮಟ್ಟದಲ್ಲೇ ಸ್ಫ್ಯಾಗ್ನಮ್ ಅವಶೇಷಗಳು ಮರೆಯಾಗಿದ್ದವು. ಕೈಗಾರಿಕೆ ಆರಂಭವಾದ ಕಾಲದಲ್ಲೇ ಪಾಚಿ ಅಳಿಯತೊಡಗಿತ್ತೆಂಬುದು ಇದರಿಂದ ಖಚಿತವಾಯಿತು. 1970ರ ದಶಕದಲ್ಲಿ ಅದೇ ವಿಶ್ವವಿದ್ಯಾಲಯದ ಜಾನ್ ಲೀ ಮತ್ತು ಸಂಗಡಿಗರು ಗಂಧಕದ ಮಾಲಿನ್ಯವು ಸ್ಫ್ಯಾಗ್ನಮ್ ಬೆಳವಣಿಗೆಯನ್ನು ಕುಗ್ಗಿಸುತ್ತದೆಂದು ಪ್ರಯೋಗದಿಂದ ತೋರಿಸಿದರು.

ಪಾಚಿ ಹೋದ ಮೇಲೆ, ಬೆಂಕಿ ಮತ್ತು ಕುರಿಗಳ ಅತಿಮೇವು ಉಳಿದ ಹಾನಿಯನ್ನು ಪೂರೈಸಿದವು. ಪೀಟ್ ಬತ್ತಲಾಗಿ ಮಳೆಗೆ ಕೊಚ್ಚಿಹೋಯಿತು. ಬೆಟ್ಟದ ನೆತ್ತಿಯಲ್ಲಿ ಆಳವಾದ ಕೊರಕಲುಗಳು ಬಿದ್ದವು. ಕಂದು ಬಣ್ಣದ ನೀರು, ಹೂಳು ಮತ್ತು ಮಸಿಯೊಡನೆ ನೂರಾರು ವರ್ಷ ಬಂದು ಕುಳಿತಿದ್ದ ಸೀಸದಂಥ ಲೋಹಗಳು ಜಲಾಶಯಗಳತ್ತ ಇಳಿದವು. ನಗರವು ಕಳುಹಿಸಿದ್ದು ಅದರ ಕುಡಿಯುವ ನೀರಿಗೇ ಮರಳಿ ಬಂದಿತು.

2003ರಿಂದ ಅಲ್ಲಿ ಹಲವು ಸಂಸ್ಥೆಗಳು ಕೂಡಿ ದುರಸ್ತಿಯ ಕೆಲಸ ನಡೆಸಿವೆ. ಬತ್ತಲಾದ ಪೀಟ್ ಮೇಲೆ ಸುಣ್ಣ, ಗೊಬ್ಬರ, ಹುಲ್ಲುಬೀಜ ಚೆಲ್ಲುತ್ತಾರೆ. ಕತ್ತರಿಸಿದ ಕುರುಚಲು ಸೊಪ್ಪನ್ನು ಹೊದಿಸುತ್ತಾರೆ. ಕೊರಕಲುಗಳಿಗೆ ಕಲ್ಲು ಮತ್ತು ಮರದ ಅಡ್ಡಗಟ್ಟೆ ಹಾಕುತ್ತಾರೆ. ಕೊನೆಯಲ್ಲಿ ಸ್ಫ್ಯಾಗ್ನಮ್‌ನ ಪುಟ್ಟ ಸಸಿಗಳನ್ನು ಕೈಯಿಂದ ನೆಡುತ್ತಾರೆ. ಇಂಗುಗುಂಡಿ, ಕಾಡುಗಟ್ಟೆಗಳ ಕೆಲಸ ಮಾಡಿದವರಿಗೆ ಇದರ ಶ್ರಮ ಎಷ್ಟೆಂಬುದು ತಿಳಿಯುತ್ತದೆ. 2024ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು. ಹೊಗೆ ನಿಂತರೂ ಬೆಟ್ಟದ ದುರಸ್ತಿ ನಿಂತಿಲ್ಲ.

ಇಲ್ಲಿಗೆ ಅನ್ವಯಿಸಿದರೆ

ಭಾರತದಲ್ಲಿ 1981ರಲ್ಲಿ ವಾಯುಮಾಲಿನ್ಯ ನಿಯಂತ್ರಣ ಕಾಯಿದೆ ಬಂದಿತು. 2019ರಲ್ಲಿ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮ ಆರಂಭವಾದಾಗ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಈ ನಾಲ್ಕು ನಗರಗಳು ಅದರಲ್ಲಿ ಸೇರಿದವು. ಬಯಲಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳು ನಿಷೇಧಿಸಿದವು. ಅದೇ ವರ್ಷ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕಸ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟವರಿಗೆ 25,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಆದರೂ ಘಟ್ಟದ ಸಣ್ಣ ಪೇಟೆಗಳ ಅಂಚಿನಲ್ಲಿ, ಹಳ್ಳದ ದಡದಲ್ಲಿ ಪ್ಲಾಸ್ಟಿಕ್ ಬೆರೆತ ಕಸ ಉರಿಯುವುದು, ರಸ್ತೆಯ ಬದಿಯಲ್ಲಿ ಅಡಿಕೆ ಸಿಪ್ಪೆಯ ರಾಶಿ ದಿನಗಟ್ಟಲೆ ಹೊಗೆಯಾಡುವುದು ಕಾಣಸಿಗುತ್ತದೆ. ದಂಡದ ಮೊತ್ತ ದೊಡ್ಡದಾಗಿಯೇ ಇದೆ. ಸುಡುವವನಿಗೆ ಬೇರೆ ದಾರಿ ಮಾಡಿಕೊಟ್ಟಿದ್ದೇವೆಯೇ ಎಂಬುದನ್ನು ಸ್ಥಳೀಯ ಸಂಸ್ಥೆಗಳು ಕೇಳಿಕೊಳ್ಳಬೇಕಾಗಿದೆ. ಕಸ ಒಯ್ಯುವ ಗಾಡಿ ವಾರಕ್ಕೆ ಎಷ್ಟು ಸಲ ಬರುತ್ತದೆ, ಪ್ಲಾಸ್ಟಿಕ್ ಬೇರ್ಪಡಿಸಿ ಇಡಲು ಜಾಗವಿದೆಯೇ, ಸಿಪ್ಪೆಯನ್ನು ಕೊಳೆಸಿ ಗೊಬ್ಬರ ಮಾಡಲು ಗ್ರಾಮ ಪಂಚಾಯಿತಿ ಏನು ನೆರವು ಕೊಡುತ್ತದೆ ಎಂಬ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಎತ್ತಬಹುದು. ಅಡಿಕೆ ಸಿಪ್ಪೆ ನಿಧಾನವಾಗಿ ಕೊಳೆಯುವ ವಸ್ತು ನಿಜ. ಸಗಣಿ ಮತ್ತು ಹಸಿರೆಲೆಯೊಡನೆ ಬೆರೆಸಿ, ತೇವ ಕಾಯ್ದುಕೊಂಡರೆ ಅದು ತೋಟಕ್ಕೇ ಮರಳುತ್ತದೆ; ಸುಟ್ಟರೆ ಅದರ ಸಾರಜನಕ ಗಾಳಿಗೆ ಹೋಗುತ್ತದೆ.

ಒಲೆಯ ವಿಷಯವೂ ಹಾಗೆಯೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯನ್ನು ಮಲೆನಾಡಿನ ಅನೇಕ ಮನೆಗಳು ಬಲ್ಲವು. ಸೌದೆ ಉಳಿಸಿ, ಗೊಳವೆಯ ಮೂಲಕ ಹೊಗೆಯನ್ನು ಅಡುಗೆಮನೆಯ ಹೊರಗೆ ಬಿಡುವ ಒಲೆ ಅದು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಅಡುಗೆ ಅನಿಲದ ಸಂಪರ್ಕ ಹಲವು ಮನೆಗಳಿಗೆ ಬಂದಿತು. ಆದರೆ ಸಿಲಿಂಡರ್ ಮರುಭರ್ತಿಗೆ ಹಣ ಹೊಂದದಿದ್ದಾಗ ಮನೆಯಾಕೆ ಮತ್ತೆ ಸೌದೆಯ ಒಲೆಯ ಮುಂದೆಯೇ ಕೂರುತ್ತಾಳೆ. ಮ್ಯಾಂಚೆಸ್ಟರಿನ ಬಟ್ಟೆ ತೊಳೆಯುವ ಲೆಕ್ಕದಂತೆ, ಅವಳ ಕೆಮ್ಮು, ಸೌದೆ ತರುವ ಹೊತ್ತು, ಪಾತ್ರೆ ತಿಕ್ಕುವ ಶ್ರಮ ಇವುಗಳ ಲೆಕ್ಕವನ್ನು ಒಂದೊಂದು ಹಳ್ಳಿಯಲ್ಲಾದರೂ ಹಾಕಿ ನೋಡಬೇಕು. ಲೆಕ್ಕ ಕೈಯಲ್ಲಿದ್ದರೆ ಪಂಚಾಯಿತಿಯ ಮುಂದೆ ಮಾತನಾಡುವುದು ಸುಲಭ.

ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಸೂಚಿಸಿ ಈ ಉಪನ್ಯಾಸವನ್ನು ಮುಗಿಸಬಹುದು. ಮಸಾಲೆಗೆ ಬಳಸುವ ಕಲ್ಲುಹೂವು ಮತ್ತು ಅಡಿಕೆ ಮರದ ಕಾಂಡದ ಮೇಲೆ ಬಿಳಿ, ಬೂದು ಚಿಟ್ಟಿನಂತೆ ಹರಡುವ ಅದರ ಬಳಗದ ಜೀವಿಗಳು ಗಾಳಿಯ ಕೆಡುಕಿಗೆ ಬಹುಬೇಗ ಸೋಲುತ್ತವೆ. ಅವುಗಳಿಗೂ ಸ್ಫ್ಯಾಗ್ನಮ್‌ನಂತೆ ಬೇರಿಲ್ಲ. ನಿಮ್ಮ ಪೇಟೆಯ ಬಸ್ ನಿಲ್ದಾಣದಿಂದ ಹೊರಟು ಕಾಡಿನ ಅಂಚಿನವರೆಗೆ, ಅಲ್ಲಲ್ಲಿ ಒಂದೇ ಜಾತಿಯ, ಒಂದೇ ದಪ್ಪದ, ಒಂದೇ ರೀತಿ ನೆರಳಿರುವ ಮರಗಳನ್ನು ಆರಿಸಿಕೊಳ್ಳಿ. ಎದೆಯೆತ್ತರದಲ್ಲಿ ಒಂದು ಗೇಣು ಚೌಕದಲ್ಲಿ ಎಷ್ಟು ಬಗೆಯ ಕಲ್ಲುಹೂವುಗಳಿವೆ, ಎಷ್ಟು ಜಾಗ ತುಂಬಿವೆ ಎಂದು ಬರೆದಿಡಿ. ಕಸ ಸುಡುವ ಜಾಗದ ಹತ್ತಿರದ ಮರಗಳನ್ನೂ ಬಿಡಬೇಡಿ. ಬಿಸಿಲು, ತೇವ, ತೊಗಟೆಯ ಗುಣ ಇವೂ ಫಲಿತಾಂಶವನ್ನು ಬದಲಿಸುತ್ತವೆ. ಆದುದರಿಂದ ಒಂದು ಮರ ನೋಡಿ ತೀರ್ಮಾನಕ್ಕೆ ಬರಬಾರದು. ಪ್ರತಿವರ್ಷ ಅದೇ ಮರಗಳನ್ನು ಅದೇ ತಿಂಗಳಲ್ಲಿ ನೋಡಿ, ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡಿ.

ಪೆನ್ನೈನ್ ಬೆಟ್ಟದ ಪಾಚಿ ಅಳಿಯುತ್ತಿದ್ದಾಗ ಅದನ್ನು ಹೀಗೆ ಬರೆದಿಟ್ಟವರು ಯಾರೂ ಇರಲಿಲ್ಲ. ಅದು ತಿಳಿದದ್ದು ನೂರೈವತ್ತು ವರ್ಷಗಳ ನಂತರ, ಮಣ್ಣನ್ನು ಅಗೆದಾಗ.